ನಿಮ್ಮ ಪ್ರಶ್ನೆ, ನನ್ನ ಉತ್ತರ: ಮಗುವಿನ ಥೆರಪಿಗೂ ವಿಮೆ ಸಿಗುತ್ತಾ?

ಪ್ರಶ್ನೆ: ನನ್ನ ಮಗಳಿಗೆ ಆರು ವರ್ಷ. ಸೆರೆಬ್ರಲ್ ಪಾಲ್ಸಿ ಇದೆ, ಮೆದುಳಿನ ತೊಂದರೆಯಿಂದ ಕೈಕಾಲು ಸರಿಯಾಗಿ ಆಡುವುದಿಲ್ಲ. ನಮ್ಮದು ಬಿಪಿಎಲ್ ಕಾರ್ಡ್, ಆಯುಷ್ಮಾನ್ ಕಾರ್ಡನ್ನೂ ಮಾಡಿಸಿದ್ದೇವೆ. ವಾರಕ್ಕೆ ಮೂರು ಸಲ ಫಿಸಿಯೋಥೆರಪಿ ಮಾಡಿಸಲೇಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಆಸ್ಪತ್ರೆಯಲ್ಲಿ ಕಾರ್ಡ್ ತೋರಿಸಿದರೆ "ಇದಕ್ಕೆ ನಡೆಯಲ್ಲ, ದುಡ್ಡು ಕಟ್ಟಿ" ಅಂದರು. ಐದು ಲಕ್ಷದವರೆಗೆ ಫ್ರೀ ಅಂತಾರಲ್ಲ ಮೇಡಂ, ಹಾಗಾದರೆ ಅದೆಲ್ಲ ಸುಳ್ಳಾ?
(ಒಬ್ಬ ತಾಯಿ, ಹಾವೇರಿ ಜಿಲ್ಲೆ)

ಸುಳ್ಳಲ್ಲಮ್ಮ. ಅರ್ಧ ಮಾತ್ರ ಹೇಳಿದ್ದಾರೆ ಅಷ್ಟೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇರುವುದು ಅಡ್ಮಿಟ್ ಆದವರಿಗೆ, ಆಪರೇಷನ್ ಮಾಡಿಸಿಕೊಳ್ಳುವವರಿಗೆ. ನಿಮ್ಮ ಮಗಳು ವಾರ್ಡಿನ ಮಂಚದ ಮೇಲೆ ಮಲಗಿದರೆ ಈ ಕಾರ್ಡ್ ನಡೆಯುತ್ತದೆ. ಥೆರಪಿ ರೂಮಿನ ಚಾಪೆ ಮೇಲೆ ಕೂತು ಕಾಲು ಚಾಚಿದರೆ ನಡೆಯುವುದಿಲ್ಲ. ಇಂಥ ಮಕ್ಕಳ ಮನೆಯಲ್ಲಿ ದುಡ್ಡು ಹೋಗುವುದು ಜಾಸ್ತಿ ಆ ಚಾಪೆಗೇ. ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ ಕೂತಷ್ಟು ಕಾಲವೂ ನನ್ನ ಮೇಜಿನ ಮುಂದೆ ಬಂದ ಜಗಳ ಇದೇ.

ಹಾಗಂತ ಆ ಕಾರ್ಡನ್ನು ಮೂಲೆಗೆ ಎಸೀಬೇಡಿ. ಮಗಳು ಬೆಳೆದ ಹಾಗೆ ಕಾಲಿನ ಸ್ನಾಯು ಬಿಗಿಯಾಗಿ ಆಪರೇಷನ್ ಬೇಕಾಗಬಹುದು. ಫಿಟ್ಸ್ ಬಂದು, ಕಫ ಕಟ್ಟಿ ಅಡ್ಮಿಟ್ ಮಾಡಬೇಕಾಗಬಹುದು. ಆಗ ಐದು ಲಕ್ಷದ ಬೆಲೆ ಗೊತ್ತಾಗುತ್ತದೆ. ಅದು ಇಡೀ ಕುಟುಂಬಕ್ಕೆ ವರ್ಷಕ್ಕೆ ಸಿಗುವ ಮೊತ್ತ. ಹುಟ್ಟಿನಿಂದ ಬಂದ ತೊಂದರೆ ಅಂತ ಇದರಲ್ಲಿ ತಳ್ಳಿಹಾಕುವುದಿಲ್ಲ, ಮೊದಲ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಬರೆಸಿಕೊಂಡೇ ಖಾಸಗಿ ಆಸ್ಪತ್ರೆಗೆ ಹೋಗಿ. ಅಲ್ಲಿ ಈ ಯೋಜನೆಯ ಕೆಲಸ ನೋಡಲು ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಅಡ್ಮಿಟ್ ಮಾಡುವ ಮೊದಲೇ ಅವರ ಹತ್ತಿರ "ಈ ಆಪರೇಷನ್ ಪ್ಯಾಕೇಜ್ ಪಟ್ಟಿಯಲ್ಲಿ ಇದೆಯಾ?" ಅಂತ ಕೇಳಿ, ಅಂದರೆ ಯೋಜನೆ ದುಡ್ಡು ಕೊಡುವ ಚಿಕಿತ್ಸೆಗಳ ಪಟ್ಟಿ. ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ.

ಈಗ ಚಾಪೆಯ ಖರ್ಚಿಗೆ ಬರೋಣ. ಅದಕ್ಕೆ ಬೇರೆ ವಿಮೆ ಇದೆ, ಹೆಸರು ನಿರಾಮಯ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ನಡೆಸುತ್ತದೆ. 1999ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಅದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವಿಕಲತೆ, ಈ ನಾಲ್ಕಕ್ಕೆ ಮಾತ್ರ ಈ ವಿಮೆ. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ. ಸೇರುವಾಗ ಯಾವ ಮೆಡಿಕಲ್ ಟೆಸ್ಟೂ ಇಲ್ಲ, ವಯಸ್ಸಿನ ಮಿತಿಯೂ ಇಲ್ಲ. ಹೊರರೋಗಿ ಚಿಕಿತ್ಸೆ, ಔಷಧಿ, ಪರೀಕ್ಷೆ, ನಿಮಗೆ ಬೇಕಾದ ಥೆರಪಿ, ಎಲ್ಲ ಇದರಲ್ಲಿ ಬರುತ್ತದೆ. ಬಿಪಿಎಲ್ ಕುಟುಂಬಕ್ಕೆ ಸೇರುವ ಶುಲ್ಕ 250 ರೂಪಾಯಿ, ಆಮೇಲೆ ಪ್ರತಿ ವರ್ಷ ನವೀಕರಣಕ್ಕೆ 50 ರೂಪಾಯಿ.

ಆದರೆ ಒಂದು ಲಕ್ಷ ಅಂದ ತಕ್ಷಣ ಪೂರ್ತಿ ಥೆರಪಿಗೇ ಸಿಗುತ್ತದೆ ಅಂದುಕೊಳ್ಳಬೇಡಿ. ಒಂದೊಂದು ಬಾಬಿಗೂ ಬೇರೆ ಬೇರೆ ಮಿತಿ ಇದೆ. ಥೆರಪಿಯ ಪಾಲು ಒಂದು ತುಂಡು ಮಾತ್ರ. ವಾರಕ್ಕೆ ಮೂರು ಸಲ ಹೋದರೆ ವರ್ಷ ಮುಗಿಯುವ ಮೊದಲೇ ಅದು ಖಾಲಿಯಾಗುತ್ತದೆ. ಮಂಚಕ್ಕೆ ಐದು ಲಕ್ಷ ಇಟ್ಟವರು ಚಾಪೆಗೆ ಇಷ್ಟು ಕಡಿಮೆ ಯಾಕೆ ಇಟ್ಟರು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಚಾಪೆ ಮೇಲೆ ಸರಿಯಾಗಿ ಕೆಲಸ ನಡೆದರೆ ಎಷ್ಟೋ ಮಕ್ಕಳು ಮಂಚ ಹತ್ತುವುದೇ ತಪ್ಪುತ್ತದೆ ಅಲ್ವಾ?

ಇನ್ನು ಬಿಲ್ಲಿನ ವಿಷಯ. ಇಲ್ಲೇ ಜನ ದುಡ್ಡು ಕಳೆದುಕೊಳ್ಳುವುದು. ನಿರಾಮಯದಲ್ಲಿ ಮೊದಲು ನೀವು ಖರ್ಚು ಮಾಡಬೇಕು, ಆಮೇಲೆ ಅಸಲಿ ಬಿಲ್ ಕಳಿಸಿ ದುಡ್ಡು ವಾಪಸ್ ಪಡೆಯಬೇಕು. ಥೆರಪಿ ಸೆಂಟರಿನವರು ಕೊಡುವ ಬಿಲ್ ಹೇಗಿರುತ್ತದೆ ಗೊತ್ತಲ್ಲ? ಸ್ಟೇಷನರಿ ಅಂಗಡಿಯ ಬಿಲ್ ಬುಕ್ಕಿನ ಹಾಳೆ. ಮೇಲೆ ಮಗುವಿನ ಮುದ್ದಿನ ಹೆಸರು. ನಡುವೆ "ಥೆರಪಿ ಚಾರ್ಜ್" ಅಂತ ಒಂದೇ ಸಾಲು, ಒಂದು ಮೊತ್ತ. ಕೆಳಗೆ ಯಾರದೋ ಗೀಚಿದ ಸಹಿ. ಇಂಥದ್ದು ವಾಪಸ್ ಬರುವ ಸಂಭವವೇ ಜಾಸ್ತಿ. ಅಲ್ಲೇ ನಿಂತು ಬೇರೆ ಬರೆಸಿಕೊಳ್ಳಿ. ನಿರಾಮಯ ಕಾರ್ಡಿನಲ್ಲಿರುವ ಹೆಸರೇ ಬಿಲ್ಲಿನಲ್ಲೂ ಇರಬೇಕು. ಯಾವ ಥೆರಪಿ, ಯಾವ ಯಾವ ತಾರೀಖು, ಒಂದು ಸಲಕ್ಕೆ ಎಷ್ಟು, ಇಷ್ಟನ್ನೂ ಬರೆಸಿ. ಥೆರಪಿಸ್ಟರ ಹೆಸರು, ಓದು, ಸೀಲು ಇರಲಿ. ಮಾತಿನ ಥೆರಪಿಸ್ಟ್ ಆದರೆ ಅವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಇರುತ್ತದೆ, ಅದನ್ನೂ ಹಾಕಿಸಿ. ಥೆರಪಿ ಬೇಕು ಅಂತ ಡಾಕ್ಟರ್ ಬರೆದ ಚೀಟಿ ಜೊತೆಗಿರಲಿ. ಕಳಿಸುವ ಮೊದಲು ಎಲ್ಲದರ ಜೆರಾಕ್ಸ್ ಮನೆಯಲ್ಲಿಡಿ. ಬಿಲ್ಲುಗಳನ್ನು ಕೂಡಿಟ್ಟು ವರ್ಷದ ಕೊನೆಗೆ ಒಟ್ಟಿಗೆ ಕಳಿಸೋಣ ಅನ್ನಬೇಡಿ, ಆಯಾ ತಿಂಗಳದ್ದು ಆಯಾ ತಿಂಗಳೇ ಹೋಗಲಿ.

ಸೇರುವುದು ನ್ಯಾಷನಲ್ ಟ್ರಸ್ಟಿನಲ್ಲಿ ನೋಂದಣಿಯಾದ ಸಂಸ್ಥೆಯ ಮೂಲಕ. ನಿಮ್ಮ ಜಿಲ್ಲೆಯಲ್ಲಿ ಯಾವುದು ಅಂತ ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರ ಪುನರ್ವಸತಿ ಕೆಲಸ ನೋಡುವ ವಿಆರ್‌ಡಬ್ಲ್ಯು ಅವರನ್ನು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ತಾಲ್ಲೂಕು ಮಟ್ಟದಲ್ಲಿ ಅದೇ ಕೆಲಸ ನೋಡುವ ಎಂಆರ್‌ಡಬ್ಲ್ಯು ಅವರನ್ನು ಕೇಳಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಫೋಟೋ ತೆಗೆದುಕೊಂಡು ಹೋಗಿ. ಈ ವಿಮೆಯ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ನವೀಕರಣ ತಪ್ಪಿಸಬೇಡಿ. 50 ರೂಪಾಯಿ ಕಟ್ಟದೆ ವರ್ಷದ ಹಣ ಕಳೆದುಕೊಂಡವರನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಪ್ರಶ್ನೆ: ನನ್ನ ಮಗನಿಗೆ ಮೂರು ವರ್ಷ, ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ನಿರಾಮಯ ಮಾಡಿಸೋಣ ಅಂತ ಹೋದರೆ ನಿಮಗೆ ಬರಲ್ಲ ಅಂದರು. ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕೇಳಿಸಲು ಆಪರೇಷನ್ ಮಾಡಿ ಕಿವಿಗೆ ಕೂರಿಸುವ ಯಂತ್ರ, ಮಾಡಿಸಬೇಕಂತೆ, ಲಕ್ಷಗಟ್ಟಲೆ ಹೇಳುತ್ತಾರೆ. ಸಾಲ ಮಾಡಲಾ?
(ಒಬ್ಬ ತಂದೆ, ಚಾಮರಾಜನಗರ ಜಿಲ್ಲೆ)

ಸಾಲ ಈಗಲೇ ಬೇಡ. ಅವರು ಹೇಳಿದ್ದು ನಿಜ, ಕಿವಿಯ ತೊಂದರೆ ಒಂದೇ ಇದ್ದರೆ ನಿರಾಮಯ ಸಿಗುವುದಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವಿಕಲತೆಯನ್ನು ಒಪ್ಪಿಕೊಂಡಿದೆ, ನಿರಾಮಯ ಮಾತ್ರ ಹಳೆಯ ನಾಲ್ಕಕ್ಕೇ ನಿಂತಿದೆ.

ನಿಮಗಿರುವ ದಾರಿ ಬೇರೆ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಸಣ್ಣ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಸಿಗುತ್ತದೆ, ಮನೆಯ ಆದಾಯ ನೋಡುತ್ತಾರೆ. ರಾಜ್ಯದಲ್ಲಿ ಶ್ರವಣ ಸಂಜೀವಿನಿ ಕಾರ್ಯಕ್ರಮವೂ ಇದೆ. ಪರೀಕ್ಷೆಗೆ ನಿಮಗೆ ಹತ್ತಿರ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಜನ ಆಯಿಷ್ ಅನ್ನುತ್ತಾರಲ್ಲ, ಅದೇ. ಆದರೆ ತಡ ಮಾಡಬೇಡಿ. ಹುಟ್ಟಿನಿಂದ ಕೇಳಿಸದ ಮಗುವಿಗೆ ಐದು ವರ್ಷದ ಒಳಗೆ ಆಗಬೇಕು. ಅಡಿಪ್ ಯೋಜನೆಯ ನಿಯಮವೂ ಹಾಗೇ ಇದೆ, ಮಾತು ಕಲಿಯುವ ವಯಸ್ಸೂ ಅದೇ. ಮುಂದಿನ ಹಬ್ಬ ಕಳೆಯಲಿ, ಸುಗ್ಗಿ ಮುಗಿಯಲಿ ಅಂತ ಮುಂದೆ ಹಾಕಬೇಡಿ.

ಇನ್ನೊಂದು ಮಾತು, ಇದನ್ನು ಮೊದಲೇ ಹೇಳುವವರು ಕಡಿಮೆ. ಆಪರೇಷನ್ ಆದ ಮೇಲೆ ಖರ್ಚು ಮುಗಿಯುವುದಿಲ್ಲ. ಕಿವಿಯ ಹಿಂದೆ ಇರುವ ಯಂತ್ರಕ್ಕೆ ಬ್ಯಾಟರಿ ಬೇಕು, ವೈರ್ ಕಿತ್ತು ಹೋಗುತ್ತದೆ, ಮಳೆಯಲ್ಲಿ ನೆನೆದರೆ ಕೆಡುತ್ತದೆ. ಕೇಳಿಸಿಕೊಂಡು ಮಾತಾಡುವುದನ್ನು ಕಲಿಸುವ ಥೆರಪಿ ಬಹಳ ಕಾಲ ನಡೆಯಬೇಕು. ವಾರಂಟಿ ಎಷ್ಟು ವರ್ಷ, ಬಿಡಿ ಭಾಗ ಯಾರು ಕೊಡುತ್ತಾರೆ, ಥೆರಪಿ ಎಲ್ಲಿ ಅಂತ ಸಹಿ ಹಾಕುವ ಮೊದಲೇ ಕೇಳಿ, ಬರವಣಿಗೆಯಲ್ಲಿ ಪಡೆಯಿರಿ.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತೇನೆ, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇದೆ. ಮಗನಿಗೆ ಬುದ್ಧಿಮಾಂದ್ಯ, ಫಿಟ್ಸ್ ಮಾತ್ರೆ ನಿಲ್ಲಿಸುವ ಹಾಗಿಲ್ಲ. ಅವನಿಗೆ ಹದಿನೆಂಟು ತುಂಬಿದರೆ ಇಎಸ್‌ಐನಿಂದ ಹೆಸರು ತೆಗೆಯುತ್ತಾರೆ ಅಂತ ಜೊತೆಯವರು ಹೆದರಿಸುತ್ತಿದ್ದಾರೆ.
(ಒಬ್ಬ ಓದುಗರು, ಬೆಂಗಳೂರು)

ಹೆದರಬೇಡಿ. ಮಾಮೂಲಿ ಮಕ್ಕಳಿಗೆ ವಯಸ್ಸಿನ ಲೆಕ್ಕ ಇದೆ. ದೇಹದ ಅಥವಾ ಬುದ್ಧಿಯ ತೊಂದರೆಯಿಂದ ಪೂರ್ತಿ ನಿಮ್ಮನ್ನೇ ನೆಚ್ಚಿಕೊಂಡ ಮಗುವಿಗೆ, ಆ ತೊಂದರೆ ಇರುವಷ್ಟು ಕಾಲವೂ ಇಎಸ್‌ಐ ಇದೆ. ಹದಿನೆಂಟು ತುಂಬುವ ಮೊದಲೇ ಅಂಗವಿಕಲತೆಯ ಸರ್ಟಿಫಿಕೇಟ್ ಕೊಟ್ಟು ದಾಖಲೆ ಸರಿ ಮಾಡಿಸಿಕೊಳ್ಳಿ. ಇಎಸ್‌ಐನ ಒಳ್ಳೆಯ ಗುಣ ಅಂದರೆ ಡಿಸ್ಪೆನ್ಸರಿಯಲ್ಲಿ ಹೊರರೋಗಿ ಚಿಕಿತ್ಸೆ, ಮಾತ್ರೆ ಎರಡೂ ಸಿಗುತ್ತವೆ. ಕ್ಯೂ ಉದ್ದ ಅಂತ ಹೊರಗಡೆ ಮೆಡಿಕಲ್‌ಗೆ ಹೋಗಿ ಪ್ರತಿ ತಿಂಗಳು ದುಡ್ಡು ಸುರಿಯುವವರು ತುಂಬ ಜನ. ರಜೆ ಸಿಗುವುದಿಲ್ಲ ಅನ್ನುವ ನಿಮ್ಮ ಕಷ್ಟ ನನಗೆ ಗೊತ್ತು. ಮುಂದೆ ನೀವು ಕೆಲಸ ಬಿಟ್ಟರೆ ಇಎಸ್‌ಐ ಬಹಳ ಕಾಲ ಉಳಿಯುವುದಿಲ್ಲ, ಅದಕ್ಕೆ ನಿರಾಮಯವನ್ನೂ ಈಗಲೇ ಮಾಡಿಸಿಡಿ.

ಹದಿನೆಂಟರ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಆಮೇಲೆ ಅವನ ಪರವಾಗಿ ಸಹಿ ಹಾಕಲು ತಾಯಿ ಅನ್ನುವುದಷ್ಟೇ ಸಾಲದು ಅಂತ ಕೆಲವು ಕಡೆ ತಕರಾರು ತೆಗೆಯುತ್ತಾರೆ. ಜಿಲ್ಲಾಧಿಕಾರಿಗಳ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಕಾನೂನುಬದ್ಧ ಪೋಷಕರು ಅಂತ ಆದೇಶ ಪಡೆಯಬಹುದು. ಕೋರ್ಟಿಗೆ ಹೋಗಬೇಕಿಲ್ಲ.

ಪ್ರಶ್ನೆ: ಎಂಟು ವರ್ಷದ ಮಗನಿಗೆ ಆಟಿಸಂ. ನಾನು ಐಟಿ ಉದ್ಯೋಗಿ. ಒಂದು ಖಾಸಗಿ ವಿಮಾ ಕಂಪನಿಗೆ ಫಾರ್ಮ್ ತುಂಬಿದೆ, ಆಟಿಸಂ ಅಂತ ಬರೆದದ್ದೇ ತಡ, ಏಜೆಂಟ್ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಬರೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿದೆ.
(ಒಬ್ಬ ತಂದೆ, ಬೆಂಗಳೂರು)

ಬರೆದದ್ದೇ ಸರಿ. ಮುಚ್ಚಿಟ್ಟು ಪಾಲಿಸಿ ಮಾಡಿದರೆ ಪ್ರೀಮಿಯಂ ಹೋಗುತ್ತದೆ, ಕ್ಲೇಮಿನ ದಿನ ಬಾಗಿಲು ಹಾಕುತ್ತಾರೆ.

ಏಜೆಂಟರನ್ನು ಬಿಡಿ, ಕಂಪನಿಗೇ ಇಮೇಲ್ ಹಾಕಿ. ಅಂಗವಿಕಲರಿಗೆ ಒಂದು ಆರೋಗ್ಯ ಪಾಲಿಸಿ ಇಟ್ಟಿರಲೇಬೇಕು ಅಂತ ವಿಮಾ ಕಂಪನಿಗಳ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2023ರ ಫೆಬ್ರುವರಿಯಲ್ಲೇ ಕಂಪನಿಗಳಿಗೆ ಹೇಳಿದೆ. ಆ ಪಾಲಿಸಿ ಯಾವುದು ಅಂತ ಕೇಳಿ. ಕೊಡಲ್ಲ ಅಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಉತ್ತರವೇ ಬರದಿದ್ದರೆ ಅದೇ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ಹಾಕಿ, ಅದಕ್ಕೆ ಖರ್ಚಿಲ್ಲ. ಪಾಲಿಸಿ ಸಿಕ್ಕಿತು ಅಂತ ತಕ್ಷಣ ದುಡ್ಡು ಕಟ್ಟಬೇಡಿ. ಕಾಯುವ ಅವಧಿ (ದುಡ್ಡು ಕಟ್ಟಿದ ಮೇಲೆ ಕ್ಲೇಮ್ ಸಿಗಲು ಕಾಯಬೇಕಾದ ಕಾಲ) ಎಷ್ಟು, ಹೊರರೋಗಿ ಥೆರಪಿ ಇದೆಯಾ, ಇವೆರಡನ್ನು ನೋಡಿ. ಎರಡನೆಯದು ಇಲ್ಲದಿದ್ದರೆ ಆಟಿಸಂ ಇರುವ ಮಗುವಿಗೆ ಆ ಪಾಲಿಸಿಯಿಂದ ಉಪಯೋಗ ಕಡಿಮೆ, ಎಷ್ಟೇ ಬಣ್ಣದ ಬ್ರೋಷರ್ ಇರಲಿ.

ಮತ್ತೆ ನಿರಾಮಯ ಬಡವರಿಗೆ ಮಾತ್ರ ಅಂತ ನಿಮ್ಮಂಥವರು ಅದನ್ನು ನೋಡುವುದೇ ಇಲ್ಲ. ಹಾಗೇನಿಲ್ಲ. ಎಪಿಎಲ್ ಕುಟುಂಬಕ್ಕೆ ಸೇರುವಾಗ 500, ನವೀಕರಣಕ್ಕೆ 250 ರೂಪಾಯಿ, ಅಷ್ಟೆ. ಆರೋಗ್ಯ ಕರ್ನಾಟಕದಲ್ಲೂ ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ಆ ಕಾರ್ಡನ್ನೂ ಮಾಡಿಸಿ.

ಪ್ರಶ್ನೆ: ಮೊಮ್ಮಗಳಿಗೆ ಎರಡು ವರ್ಷವಾದರೂ ನಡೆಯುತ್ತಿಲ್ಲ, ಹೆಸರು ಕರೆದರೆ ತಿರುಗುವುದಿಲ್ಲ. ಸರ್ಟಿಫಿಕೇಟ್, ಕಾರ್ಡ್ ಏನೂ ಇಲ್ಲ. ಮೊದಲು ಯಾವ ವಿಮೆ ಮಾಡಿಸಬೇಕು?
(ಒಬ್ಬ ಅಜ್ಜಿ, ಕಲಬುರಗಿ ಜಿಲ್ಲೆ)

ಮೊದಲು ಮಗುವನ್ನು ತೋರಿಸಿ ಅಮ್ಮಾ, ವಿಮೆ ಆಮೇಲೆ. ಆರ್‌ಬಿಎಸ್‌ಕೆ ಅಂತ 2013ರಿಂದ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ ಇದೆ, ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ಉಚಿತ. ಅವರ ಡಾಕ್ಟರ್ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ. ಆದರೆ ಅವರು ಬರುವವರೆಗೆ ಕಾಯಬೇಡಿ. ಅಂಗನವಾಡಿ ಟೀಚರಿಗೋ ಆಶಾ ಕಾರ್ಯಕರ್ತೆಗೋ ಹೇಳಿ, ಮಕ್ಕಳ ಬೆಳವಣಿಗೆಯ ತೊಂದರೆ ನೋಡುವ ಜಿಲ್ಲೆಯ ಡಿಇಐಸಿ ಕೇಂದ್ರಕ್ಕೆ ಕಳಿಸಿಕೊಡಿ ಅನ್ನಿ. ಅಂಗವಿಕಲತೆಯ ಸರ್ಟಿಫಿಕೇಟ್ ಇಲ್ಲದಿದ್ದರೂ ನೋಡುತ್ತಾರೆ. ಕಿವಿ ಪರೀಕ್ಷೆಯನ್ನು ಮರೆಯದೆ ಮಾಡಿಸಿ. ಹೋಗುವಾಗ ತಾಯಿ ಕಾರ್ಡ್, ಹೆರಿಗೆಯಾದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ತೆಗೆದುಕೊಂಡು ಹೋಗಿ. ಹುಟ್ಟಿದ ತಕ್ಷಣ ಅತ್ತಿತ್ತಾ, ಕಾಮಾಲೆ ಬಂದಿತ್ತಾ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರಾ ಅಂತ ಡಾಕ್ಟರ್ ಕೇಳುತ್ತಾರೆ. ಅದಕ್ಕೆ ಸೊಸೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ.