ಮೋಡ ಯಾವುದಕ್ಕೂ ಡಿಕ್ಕಿ ಹೊಡೆಯುವುದಿಲ್ಲ!

ಜೂನ್ ಹತ್ತಿರ ಬಂತೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಶಾಲೆಯವು. ಟೀಚರ್‌ಗಳು ಕೇಳುತ್ತಾರೆ, ಅಪ್ಪ ಅಮ್ಮಂದಿರು ಕೇಳುತ್ತಾರೆ. ಮಗುವಿನ ಚಾರ್ಟ್ ನಾಳೆಯೇ ಆಗಬೇಕು, ಬೇಗ ಉತ್ತರ ಕೊಡಿ ಎನ್ನುತ್ತಾರೆ. ನೀರು ಆವಿಯಾಗುವುದು, ಜಲಚಕ್ರ, ಋತುಗಳ ಹೆಸರು, ಇವೆಲ್ಲ ಪುಸ್ತಕದಲ್ಲೇ ಇವೆ. ನಾನು ಮತ್ತೆ ಬರೆಯುವುದಿಲ್ಲ. ಹವಾಮಾನ ವೀಕ್ಷಣಾಲಯದಲ್ಲಿ 31 ವರ್ಷ ದುಡಿದು ಬಂದವನಿಗೆ ಇವತ್ತಿಗೂ ತಲೆ ಕೆಡಿಸುವುದು ಒಂದೇ ಪದ: ಡಿಕ್ಕಿ.

ಪ್ರಶ್ನೆ: ಪಶ್ಚಿಮ ಘಟ್ಟಕ್ಕೆ ಮೋಡಗಳು ಡಿಕ್ಕಿ ಹೊಡೆದು, ಒಡೆದು ಮಳೆ ಸುರಿಯುತ್ತದೆ ಎಂದು ನಾಲ್ಕನೇ ತರಗತಿಗೆ ಪಾಠ ಮಾಡಿದೆ. ಒಬ್ಬ ಹುಡುಗ ಎದ್ದು ನಿಂತು, ‘ಹಾಗಾದ್ರೆ ವಿಮಾನ ಡಿಕ್ಕಿ ಹೊಡೆದಾಗ ಮೋಡ ಯಾಕೆ ಒಡೆಯಲ್ಲ ಮಿಸ್?’ ಎಂದ. ಏನು ಹೇಳಲಿ ಸರ್?
*– ಶಿಕ್ಷಕಿ, ಹಾಸನ ಜಿಲ್ಲೆ*

ಮೊದಲು ಆ ಹುಡುಗನಿಗೆ ಶಭಾಷ್ ಹೇಳಿ ಮೇಡಂ. ಅವನು ಸರಿ, ಪಾಠ ತಪ್ಪು.

ಮೋಡವೆಂದರೆ ನೀರು ತುಂಬಿದ ಕೊಡವಲ್ಲ, ಬಲೂನೂ ಅಲ್ಲ. ಒಡೆಯುವುದಕ್ಕೆ ಅದಕ್ಕೆ ಸಿಪ್ಪೆಯೇ ಇಲ್ಲ. ಗಾಳಿಯಲ್ಲಿ ತೇಲುವ ಪುಟ್ಟ ಪುಟ್ಟ ಹನಿಗಳ ಗುಂಪು ಅಷ್ಟೆ. ಒಂದೊಂದು ಹನಿ ಸುಮಾರು 0.02 ಮಿಲಿಮೀಟರ್. ಅಂಥವು ಹತ್ತು ಲಕ್ಷ ಕೂಡಿದರೆ ಒಂದು ಮಳೆಹನಿ. ಮಳೆಗಾಲದಲ್ಲಿ ಆಗುಂಬೆಗೆ ಹೋಗಿ ಒಂದು ರಾತ್ರಿ ಕಿಟಕಿ ತೆರೆದಿಟ್ಟು ಮಲಗಿ. ಮೋಡ ತಾನಾಗಿ ಒಳಗೆ ಬಂದು, ಹಗ್ಗದ ಮೇಲಿನ ಬಟ್ಟೆಯನ್ನೆಲ್ಲ ಒದ್ದೆ ಮಾಡಿ ಹೋಗುತ್ತದೆ. ನಾನು ಹಾಗೆ ಒಂದು ಜೊತೆ ಬಟ್ಟೆಯನ್ನು ನಾಲ್ಕು ದಿನ ಒಣಗಿಸಿದ್ದೇನೆ. ಡಿಕ್ಕಿಯ ಸದ್ದು ಮಾತ್ರ ಒಂದು ದಿನವೂ ಕೇಳಿಸಲಿಲ್ಲ.

ಹಾಗಾದರೆ ಘಟ್ಟದ ಕೆಲಸ ಏನು? ಗಾಳಿಯನ್ನು ಮೇಲಕ್ಕೆ ಹತ್ತಿಸುವುದು. ಅರಬ್ಬಿ ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ಎದುರು ಇಳಿಜಾರು ಸಿಗುತ್ತದೆ. ಹಿಂದಿನಿಂದ ಇನ್ನಷ್ಟು ಗಾಳಿ ತಳ್ಳುತ್ತಿರುತ್ತದೆ. ಬೇರೆ ದಾರಿಯಿಲ್ಲದೆ ಅದು ಏರುತ್ತದೆ. ಮೇಲೆ ಹೋದಂತೆ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದರೆ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ಇದು ಮಕ್ಕಳಿಗೆ ಅರ್ಥವಾಗಲ್ಲ ಎನ್ನಬೇಡಿ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪ್ ಬಿಸಿಯಾಗುತ್ತದೆ ಎಂದು ಅವರಿಗೆ ಗೊತ್ತು. ಟ್ಯೂಬಿನ ಗಾಳಿ ಬಿಟ್ಟಾಗ ಬೆರಳಿಗೆ ತಣ್ಣಗೆ ತಾಗುವುದೂ ಗೊತ್ತು. ಅಲ್ಲಿಗೆ ಮುಕ್ಕಾಲು ಪಾಠ ಮುಗಿದಂತೆ.

ಒಣ ಗಾಳಿ ಒಂದು ಕಿಲೋಮೀಟರ್ ಏರಿದರೆ ಸುಮಾರು 10 ಡಿಗ್ರಿ ತಣ್ಣಗಾಗುತ್ತದೆ. ಕರಾವಳಿಯ ಜೂನ್ ಗಾಳಿಯಲ್ಲಿ ನೀರಿನ ಆವಿ ಮೊದಲೇ ತುಂಬಿ ತುಳುಕುತ್ತಿರುತ್ತದೆ. ಅದು ಪೂರ್ತಿ ಒಂದು ಕಿಲೋಮೀಟರ್ ಹತ್ತಬೇಕಾಗಿಲ್ಲ, ಕೆಲವು ನೂರು ಮೀಟರ್ ಹತ್ತಿದರೆ ಸಾಕು, ಆವಿ ಹನಿಯಾಗುತ್ತದೆ. ಅಂದರೆ ಮೋಡ ಎಲ್ಲಿಂದಲೋ ಬಂದು ಘಟ್ಟಕ್ಕೆ ಬಡಿಯುವುದಿಲ್ಲ. ಬಹಳಷ್ಟು ಮೋಡ ಆ ಇಳಿಜಾರಿನ ಮೇಲೆಯೇ ಹುಟ್ಟುತ್ತದೆ. ಮೊದಲೇ ಇದ್ದದ್ದು ಇನ್ನೂ ದಪ್ಪವಾಗುತ್ತದೆ.

ಇದನ್ನು ತರಗತಿಯಲ್ಲೇ ತೋರಿಸಬಹುದು. ತೆಳು ಪ್ಲಾಸ್ಟಿಕ್ಕಿನ ಒಂದು ಲೀಟರ್ ನೀರಿನ ಬಾಟಲಿ ತೆಗೆದುಕೊಳ್ಳಿ. ಎರಡು ಚಮಚ ಉಗುರುಬೆಚ್ಚಗಿನ ನೀರು ಹಾಕಿ ಕುಲುಕಿ. ಬೆಂಕಿಕಡ್ಡಿ ಗೀರಿ, ಆರಿಸಿ, ಅದರ ಹೊಗೆಯನ್ನು ಸ್ವಲ್ಪ ಒಳಗೆ ಬಿಡಿ. ಮುಚ್ಚಳ ಬಿಗಿ ಮಾಡಿ. ಬಾಟಲಿಯನ್ನು ಜೋರಾಗಿ ಹಿಂಡಿ, ಥಟ್ಟನೆ ಕೈಬಿಡಿ. ಒಳಗೆ ಬಿಳಿ ಮಂಜು ಕಾಣುತ್ತದೆ. ಮತ್ತೆ ಹಿಂಡಿದರೆ ಮಾಯ. ಕೈಬಿಟ್ಟಾಗ ಗಾಳಿ ಹಿಗ್ಗಿತು, ತಣ್ಣಗಾಯಿತು, ಮೋಡವಾಯಿತು. ಹೊಗೆ ಏಕೆಂದರೆ, ಆವಿ ಹನಿಯಾಗಲು ಕೂರುವುದಕ್ಕೊಂದು ಕಣ ಬೇಕು. ಆಕಾಶದಲ್ಲಿ ಆ ಕೆಲಸವನ್ನು ಧೂಳು, ಸಮುದ್ರದ ಉಪ್ಪಿನ ಕಣ ಮಾಡುತ್ತವೆ. ಕಡ್ಡಿ ಗೀರುವುದು ನೀವೇ. ಮಕ್ಕಳ ಕೈಗೆ ಬೆಂಕಿಪೊಟ್ಟಣ ಕೊಟ್ಟೀರಿ, ಆಮೇಲೆ ನನ್ನ ಹೆಸರು ಹೇಳಬೇಡಿ.

‘ಘಟ್ಟ ಗಾಳಿಯನ್ನು ತಡೆಯುತ್ತದೆ’ ಎಂಬುದೂ ಅರ್ಧ ಸುಳ್ಳು. ಪೂರ್ತಿ ತಡೆದಿದ್ದರೆ ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಏಕೆ ನಿಲ್ಲಿಸುತ್ತಿದ್ದರು? ಜುಲೈನಲ್ಲಿ ಅಲ್ಲಿ ನಿಂತು ನೋಡಿ. ಗಾಳಿ ರಪರಪ ಬೀಸುತ್ತದೆ. ಮೋಡಗಳೂ ಓಡುತ್ತವೆ. ಮಳೆ ಮಾತ್ರ ಇಲ್ಲ. ಘಟ್ಟ ಹತ್ತುವಾಗಲೇ ಗಾಳಿ ಬಹಳಷ್ಟು ನೀರು ಸುರಿಸಿ ಬಂದಿರುತ್ತದೆ. ಈಚೆ ಇಳಿಯುವಾಗ ಲೆಕ್ಕ ತಿರುಗುಮುರುಗು: ಒತ್ತಡ ಹೆಚ್ಚು, ಗಾಳಿ ಕುಗ್ಗುತ್ತದೆ, ಬಿಸಿಯಾಗುತ್ತದೆ, ಇದ್ದ ಹನಿಯೂ ಆವಿಯಾಗುತ್ತದೆ. ಬಾಟಲಿಯನ್ನು ಮತ್ತೆ ಹಿಂಡಿದಿರಲ್ಲ, ಅದೇ ಇದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಚಳ್ಳಕೆರೆಯಲ್ಲಿ 500ರ ಆಸುಪಾಸು. ಆ 500ರಲ್ಲೂ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಪಶ್ಚಿಮದ ಗಾಳಿಯ ಜೋರು ತಗ್ಗಿದ ಮೇಲೆ.

ಇಷ್ಟು ಹೇಳಿದರೂ ‘ಡಿಕ್ಕಿ’ ಬಿಡದವರಿಗೆ ಒಂದು ಮಾತು. ಸಮುದ್ರದ ದಡದಲ್ಲೇ ಇರುವ ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿ ಮೋಡ ಯಾವ ಬೆಟ್ಟಕ್ಕೆ ಗುದ್ದಿತು?

ಇನ್ನು ವಿಮಾನ. ಅದು ಮೋಡದೊಳಗೆ ತೂರಿ ಹೋಗುತ್ತದೆ, ನಾವು ಚಳಿಗಾಲದ ಬೆಳಿಗ್ಗೆ ಮಂಜಿನೊಳಗೆ ಬಸ್ಸಿನಲ್ಲಿ ಹೋದ ಹಾಗೆ. ಅಲುಗಾಡುವುದು ಮೋಡ ತಾಗಿ ಅಲ್ಲ, ಅಲ್ಲಿ ಗಾಳಿ ಏರಿ ಇಳಿಯುತ್ತಿರುವುದರಿಂದ.

ಪ್ರಶ್ನೆ: ಎರಡು ಮೋಡ ಡಿಕ್ಕಿಯಾದರೆ ಗುಡುಗು ಬರುತ್ತದೆ, ಅಲ್ವಾ?
*– ಐದನೇ ತರಗತಿ ವಿದ್ಯಾರ್ಥಿಯ ತಂದೆ, ತುಮಕೂರು*

ಮತ್ತೆ ಡಿಕ್ಕಿ! ಇಲ್ಲ. ಮಿಂಚು ಹಾದುಹೋದ ಗಾಳಿ ಕ್ಷಣದಲ್ಲಿ ಸುಮಾರು 30,000 ಡಿಗ್ರಿಗೆ ಕಾಯುತ್ತದೆ, ಸೂರ್ಯನ ಮೇಲ್ಮೈಯ ಐದು ಪಟ್ಟು. ಅದು ಸಿಡಿದಂತೆ ಹಿಗ್ಗುವ ಸದ್ದೇ ಗುಡುಗು. ನಿಮಗೆ ಡಿಕ್ಕಿ ಬೇಕೇ ಬೇಕೆಂದರೆ ಒಂದಿದೆ: ಮೋಡದ ಒಳಗೆ ಮಂಜುಗಡ್ಡೆಯ ಚೂರುಗಳು ಒಂದಕ್ಕೊಂದು ತಾಗಿ ವಿದ್ಯುತ್ ಕೂಡಿಕೊಳ್ಳುತ್ತದೆ. ಅದು ಮೋಡ ಮೋಡದ ಡಿಕ್ಕಿಯಲ್ಲ.

ಆದರೆ ಮಗುವಿಗೆ ಇದಕ್ಕಿಂತ ಮುಖ್ಯವಾದದ್ದನ್ನು ಕಲಿಸಿ. ಮಿಂಚು ಕಂಡ ಮೇಲೆ ಎಣಿಸಿದರೆ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಅಪಾಯದ ಅಳತೆಯೊಳಗೆ ಇದ್ದೀರಿ ಎಂದರ್ಥ. ನಾನಂತೂ ಎಣಿಸುತ್ತಾ ನಿಲ್ಲುವವನಲ್ಲ. ಗುಡುಗು ಕಿವಿಗೆ ಬಿತ್ತು ಎಂದರೆ ಒಳಗೆ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯ ತನಕ ಒಳಗೇ. ಇದನ್ನು ನೋಡಿ ಮನೆಯವರು ನಗುತ್ತಾರೆ, ನಗಲಿ. ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ಮರದ ಕೆಳಗೆ ನಿಂತು ಸತ್ತವರ ಸುದ್ದಿ ಪ್ರತಿ ವರ್ಷ ಓದುತ್ತೇನೆ. ಅಂಗಳಕ್ಕೆ ಕತ್ತಿ ಎಸೆದರೆ ಸಿಡಿಲು ಬರಲ್ಲ ಎಂಬುದನ್ನು ನಂಬಬೇಡಿ. ‘ಅರ್ಜುನ ಅರ್ಜುನ’ ಎನ್ನುತ್ತೀರಾ, ಅನ್ನಿ, ಆದರೆ ಗಟ್ಟಿ ಸೂರಿನ ಕೆಳಗೆ ಕೂತು ಅನ್ನಿ. ಫೋನಿನಲ್ಲಿ ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ‘ದಾಮಿನಿ’ ಆ್ಯಪ್ ಇರಲಿ, ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ್ದು.

ಸಿಡಿಲು ಬಡಿದವರನ್ನು ಸಗಣಿಯಲ್ಲಿ ಹೂಳಿದರೆ ಕರೆಂಟು ಇಳಿಯುತ್ತದೆ ಎನ್ನುವ ಸ್ವಯಂಘೋಷಿತ ವೈದ್ಯರಿದ್ದಾರೆ. ಅವರ ಮಾತು ಕೇಳಿದರೆ ಬದುಕುವ ಜೀವವೂ ಹೋಗುತ್ತದೆ. ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಮುಟ್ಟಬಹುದು. ಉಸಿರು ನಿಂತಿದ್ದರೆ ತಕ್ಷಣ ಎದೆ ಒತ್ತಲು ಶುರು ಮಾಡಿ, 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಜುಲೈನಲ್ಲಿ ಭೂಮಿ ಸೂರ್ಯನಿಂದ ದೂರ ಹೋಗಿ ಚಳಿ, ಕೆಮ್ಮು ಜಾಸ್ತಿಯಾಗುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ಶಾಲೆಗೆ ಸ್ವೆಟರ್ ಕಡ್ಡಾಯ ಮಾಡಬೇಕೇ?
*– ಮುಖ್ಯ ಶಿಕ್ಷಕರು, ಮೈಸೂರು*

ಈ ಮೆಸೇಜು ನನ್ನ ಮೊಮ್ಮಗನಿಗಿಂತ ಹಳೆಯದು. ಜನವರಿಯಲ್ಲಿ ದೂರ 14.7 ಕೋಟಿ ಕಿಲೋಮೀಟರ್, ಜುಲೈನಲ್ಲಿ 15.2 ಕೋಟಿ. ವ್ಯತ್ಯಾಸ ನೂರಕ್ಕೆ ಮೂರು, ಪ್ರತಿ ವರ್ಷವೂ ಇದ್ದದ್ದೇ. ಮೆಸೇಜಿನಲ್ಲಿ ‘ಮಾಮೂಲಿ ದೂರ 9 ಕೋಟಿ ಕಿಲೋಮೀಟರ್’ ಎಂದಿದೆಯಲ್ಲ, ಅಲ್ಲಿ ಮೈಲಿಯೂ ಕಿಲೋಮೀಟರೂ ಕಲಸಿಹೋಗಿವೆ. ಜುಲೈನಲ್ಲಿ ನಿಮಗೆ ತಣ್ಣಗಿರುವುದು ಮಳೆಗಾಲದ ಮೋಡದಿಂದ. ಸ್ವೆಟರ್ ಹಾಕಬೇಕೋ ಬೇಡವೋ ಮಗುವನ್ನೇ ಕೇಳಿ.

ಪ್ರಶ್ನೆ: ಪಠ್ಯದಲ್ಲಿ ಹವಾಮಾನ ಬೇರೆ, ವಾಯುಗುಣ ಬೇರೆ. ಪೇಪರಿನಲ್ಲಿ ಮಾತ್ರ ‘ಹವಾಮಾನ ಬದಲಾವಣೆ’. ಮಗಳು ಗೊಂದಲದಲ್ಲಿದ್ದಾಳೆ.
*– ತಾಯಿ, ಶಿವಮೊಗ್ಗ*

ಮಗಳ ತಪ್ಪಲ್ಲ, ಪೇಪರಿನವರದ್ದು. ಅವರು ಬರೆಯಬೇಕಾದದ್ದು ವಾಯುಗುಣ ಬದಲಾವಣೆ. ಇವತ್ತು ಕೊಡೆ ಬೇಕಾ ಎಂಬುದು ಹವಾಮಾನ. ಮನೆಗೆ ನಿಮ್ಮ ಮಲೆನಾಡಿನ ಇಳಿಜಾರು ಹೆಂಚು ಬೇಕಾ, ಬಯಲುಸೀಮೆಯ ಮಟ್ಟಸ ಮಾಳಿಗೆ ಸಾಕಾ ಎಂಬುದು ವಾಯುಗುಣ. ಒಂದು ವರ್ಷದ ಮಳೆ ನೋಡಿ ಮನೆ ಕಟ್ಟುವುದಿಲ್ಲವಲ್ಲ. ಕನಿಷ್ಠ 30 ವರ್ಷದ ಸರಾಸರಿ ನೋಡಬೇಕು. ಹಾಗಾಗಿ ‘ಈ ಸಲ ಚೆನ್ನಾಗಿ ಮಳೆ ಬಂತು, ಬದಲಾವಣೆ ಎಲ್ಲ ಸುಳ್ಳು’ ಎನ್ನುವ ಮಾವಂದಿರ ಜೊತೆ ವಾದ ಬೇಡ, ಊಟ ಬಡಿಸಿ ಕಳಿಸಿ.

ಪ್ರಶ್ನೆ: ಶಾಲೆಯಲ್ಲಿ ಮಳೆ ಅಳೆಯಲು ಯಾವ ಪಾತ್ರೆ ಒಳ್ಳೆಯದು?
*– ಸಿಆರ್‌ಪಿ (ಶಾಲಾ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ರಾಯಚೂರು ಜಿಲ್ಲೆ*

ಗೋಡೆ ನೆಟ್ಟಗಿರುವ ಯಾವ ಡಬ್ಬವಾದರೂ ಸರಿ, ಬಾಯಿ ಅಗಲ, ತಳ ಕಿರಿದು ಬೇಡ. ಮರ, ಸೂರಿನಿಂದ ದೂರ ಇಟ್ಟು ದಿನಾ ಬೆಳಿಗ್ಗೆ 8.30ಕ್ಕೆ ಸ್ಕೇಲಿನಿಂದ ಅಳೆಯಲಿ. ನಾವೂ ಅದೇ ಹೊತ್ತಿಗೆ ಅಳೆಯುತ್ತಿದ್ದೆವು. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಭಾನುವಾರ ಅಳೆಯುವವರು ಯಾರು ಎಂದು ಮೊದಲೇ ಗೊತ್ತು ಮಾಡಿ.

ಪ್ರಶ್ನೆ: ಕಪ್ಪೆಗಳಿಗೆ ಮದುವೆ ಮಾಡಿಸಿದರೆ ಮಳೆ ಬರುತ್ತದಾ?
*– ಹೆಸರು ಬೇಡ ಎಂದಿದ್ದಾರೆ*

ಬರುತ್ತದೆ, ಮದುವೆಯನ್ನು ಜೂನ್‌ನಲ್ಲಿ ಇಟ್ಟುಕೊಂಡರೆ.