ಸೋಲುವುದೇ ಕಸುಬಾದಾಗ

(ಎರಡು ವಾರದ ಹಿಂದೆ ಈ ಅಂಕಣದಲ್ಲಿ ಅಮೆರಿಕದ ಪ್ರೊ ರೆಸ್ಲಿಂಗ್‌ನಲ್ಲಿ, ಅಂದರೆ ಯಾರು ಗೆಲ್ಲಬೇಕೆಂದು ಮೊದಲೇ ಮಾತಾಡಿಕೊಂಡು ಆಡುವ ಕುಸ್ತಿಯಲ್ಲಿ, ಬರೀ ಸೋಲೋದಕ್ಕೇ ಇಟ್ಟುಕೊಂಡಿದ್ದ ಬ್ಯಾರಿ ಹೊರೊವಿಟ್ಜ್ ಎಂಬವನ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ಅಲ್ಲಿನ ದೊಡ್ಡ ಸ್ಟಾರ್ ಹಲ್ಕ್ ಹೋಗನ್ ಬಗ್ಗೆ ಒಂದು ಪುಟ ಬರೆದಾಗಲೂ ಇಷ್ಟು ಪತ್ರ ಬಂದಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಸೋತವರ ಪಾಳಿ.)

ಪ್ರಶ್ನೆ: ಬರೀ ಸೋಲೋದಕ್ಕೇ ಒಬ್ಬನನ್ನು ಇಟ್ಟುಕೊಳ್ಳುತ್ತಾರೆ ಅಂದಿರಿ. ಇದೆಂಥ ಕೆಲಸ ಸ್ವಾಮಿ?

ಬಹಳ ಕಷ್ಟದ ಕೆಲಸ. ಎಂಬತ್ತರ ದಶಕದಲ್ಲಿ ಅಮೆರಿಕದ ಟಿವಿ ಕುಸ್ತಿಯಲ್ಲಿ ಒಬ್ಬ ಸ್ಟಾರ್‌ನನ್ನು ಇನ್ನೊಬ್ಬ ಸ್ಟಾರ್‌ನ ಎದುರು ಬಿಡುತ್ತಿದ್ದದ್ದು ಅಪರೂಪ. ಅದನ್ನು ನೋಡಬೇಕಾದರೆ ಟಿಕೆಟ್ ತಗೊಂಡು ಬನ್ನಿ ಅನ್ನುವ ಲೆಕ್ಕ. ಟಿವಿಯಲ್ಲಿ ಸ್ಟಾರ್ ಬಂದು ಹೆಸರೇ ಕೇಳಿರದ ಒಬ್ಬನನ್ನು ಎರಡು ಮೂರು ನಿಮಿಷದಲ್ಲಿ ಚಿತ್ ಮಾಡಿ ಹೋಗುತ್ತಿದ್ದ. ಆ ಹೆಸರಿಲ್ಲದವನೇ ಜಾಬರ್. ಒಂದೇ ಸಂಜೆ ಕೆಲವು ವಾರಗಳ ಕಾರ್ಯಕ್ರಮ ಚಿತ್ರೀಕರಣ ಆಗುತ್ತಿತ್ತು. ಸ್ಟಾರ್‌ನ ಪಟ್ಟು ಭಯಂಕರ ಅಂತ ನಮಗೆ ಅನ್ನಿಸಿದ್ದರೆ ಅದು ಬಿದ್ದವನ ಕೈಚಳಕ, ಹೊಡೆದವನದ್ದಲ್ಲ.

ಹೊರೊವಿಟ್ಜ್ ಇದರಲ್ಲಿ ಪಳಗಿದ ಕೈ. ಒಂದು ಸಣ್ಣ ಪಟ್ಟು ಕೂಡಿಬಂದರೂ ಸಾಕು, ಬಲಗೈ ಹಿಂದಕ್ಕೆ ಮಡಿಸಿ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಿದ್ದ. ಕೋಟಿನ ಬೆನ್ನ ಮೇಲೂ ಅಂಗೈ ಗುರುತು. ಬೇರೆ ಯಾರೂ ಭೇಷ್ ಅನ್ನಲ್ವಲ್ಲ, ಪಾಪ! 1995ರ ಬೇಸಿಗೆಯಲ್ಲಿ, ಮೈಕಟ್ಟಿನ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದ ಸ್ಕಿಪ್ ಎಂಬವನನ್ನು ಈತ ಸೋಲಿಸಿದ. ಆಗಸ್ಟ್‌ನಲ್ಲಿ ಸಮ್ಮರ್‌ಸ್ಲ್ಯಾಮ್ ಎಂಬ ದೊಡ್ಡ ಕಾರ್ಯಕ್ರಮದಲ್ಲಿ ಮತ್ತೊಮ್ಮೆ. ಗೆಲುವೂ ಬರೆದುಕೊಟ್ಟದ್ದೇ, ಗೊತ್ತು. ಆದರೂ ನನಗೆ ಕಣ್ಣು ತುಂಬಿತ್ತು. ನಗಬೇಡಿ.

ಪ್ರಶ್ನೆ: ಎಲ್ಲಾ ಮೊದಲೇ ಮಾತಾಡಿಕೊಂಡದ್ದು ಅಂದ ಮೇಲೆ ನೋವೂ ನಾಟಕವೇ ಅಲ್ವಾ?

ಫಲಿತಾಂಶ ಮಾತಾಡಿಕೊಂಡದ್ದು, ನಿಜ. 1989ರಲ್ಲಿ ಈ ಕುಸ್ತಿ ನಡೆಸುವ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ಕಂಪನಿಯವರೇ ನ್ಯೂಜೆರ್ಸಿ ರಾಜ್ಯದ ಮುಂದೆ ಇದು ಮನರಂಜನೆ, ಕ್ರೀಡೆಯಲ್ಲ ಅಂತ ಒಪ್ಪಿಕೊಂಡರು. ಕ್ರೀಡೆ ಅಂದರೆ ಸರಕಾರದ ನಿಯಮ, ತೆರಿಗೆಯ ಕಾಟ ಇರುತ್ತಿತ್ತು. ಆದರೆ ನೆಲದ ಜೊತೆ ಯಾರೂ ಮಾತಾಡಿಕೊಂಡಿರುವುದಿಲ್ಲ. ರಿಂಗ್ ಅಂದರೆ ಕಬ್ಬಿಣದ ತೊಲೆ, ಅದರ ಮೇಲೆ ಮರದ ಹಲಗೆ, ತೆಳು ಫೋಮ್, ಮೇಲೊಂದು ಕ್ಯಾನ್ವಾಸ್. ಅಷ್ಟೇ.

ಬೀಳುವುದಕ್ಕೆ ಅವರ ಭಾಷೆಯಲ್ಲಿ ಬಂಪ್ ಅಂತಾರೆ. ಗದ್ದ ಎದೆಗೆ ಒತ್ತಬೇಕು, ಇಲ್ಲದಿದ್ದರೆ ತಲೆಯ ಹಿಂಭಾಗ ಹಲಗೆಗೆ ಬಡಿಯುತ್ತದೆ. ಬೆನ್ನಿನ ಮೇಲ್ಭಾಗ ಅಗಲವಾಗಿ ನೆಲಕ್ಕೆ ತಾಗಬೇಕು. ಅದೇ ಕ್ಷಣಕ್ಕೆ ಎರಡೂ ತೋಳು ಚಾಚಿ ನೆಲಕ್ಕೆ ಬಡಿಯಬೇಕು, ಉಸಿರು ಹೊರಗೆ ಬಿಡಬೇಕು. ಕೈ ಮಾತ್ರ ಹಿಂದಕ್ಕೆ ಊರಬಾರದು. ಇದು ನನಗೆ ಹದಿನಾಲ್ಕನೇ ವಯಸ್ಸಿನಲ್ಲಿ ಗೊತ್ತಿರಲಿಲ್ಲ. ಅಣ್ಣ ನೂಕಿದ, ನಾನು ಹಾಸಿಗೆ ತಪ್ಪಿ ನೆಲಕ್ಕೆ ಬಿದ್ದೆ, ಬೀಳುವಾಗ ಕೈ ಊರಿದೆ. ಮಣಿಕಟ್ಟು ಲಟಕ್ ಅಂತು. ಆರು ವಾರ ಪ್ಲಾಸ್ಟರ್. ಈಗಲೂ ಚಳಿಗಾಲದಲ್ಲಿ ಪೆನ್ನು ಜಾಸ್ತಿ ಹೊತ್ತು ಹಿಡಿದರೆ ಅಲ್ಲೇ ನೋವು. ನಾನು ಬಿದ್ದದ್ದು ಒಂದೇ ಸಲ. ಅವರು ಒಂದೇ ರಾತ್ರಿಯಲ್ಲಿ ಎಷ್ಟೋ ಸಲ ಬೀಳುತ್ತಾರೆ.

ಮಿಕ್ ಫೋಲಿ ಕಾಲೇಜಿಗೆ ಹೋಗುತ್ತಲೇ ಕುಸ್ತಿ ಕಲಿತವನು. ವಾರಾಂತ್ಯ ಬಂದರೆ ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಗುರುವಿನ ಹತ್ತಿರ ಹೋಗಿ, ಕಾರಿನಲ್ಲೇ ಮಲಗುತ್ತಿದ್ದ. 1986ರಲ್ಲಿ ಅವನನ್ನು ಜಾಬರ್ ಆಗಿ ಬ್ರಿಟಿಷ್ ಬುಲ್‌ಡಾಗ್ಸ್ ಜೋಡಿಯ ಎದುರು ಬಿಟ್ಟರು. ಆ ಜೋಡಿಯ ಡೈನಮೈಟ್ ಕಿಡ್ ಬೀಸಿದ ತೋಳಿನ ಏಟಿಗೆ ದವಡೆ ಎಷ್ಟು ಕೆಟ್ಟಿತೆಂದರೆ ವಾರಗಟ್ಟಲೆ ಗಟ್ಟಿ ಆಹಾರ ಅಗಿಯಲು ಆಗಲಿಲ್ಲ. ಇದನ್ನು ನಾಟಕ ಅನ್ನೋಣವಾ?

ಪ್ರಶ್ನೆ: ಇಂಥವರ ಹೊಟ್ಟೆಪಾಡು ಹೇಗೆ?

ದೊಡ್ಡ ಕಂಪನಿಯಲ್ಲೂ ಇವರು ನೌಕರರಲ್ಲ, ಕಾಗದದ ಮೇಲೆ ಸ್ವತಂತ್ರ ಗುತ್ತಿಗೆದಾರರು. ಸಣ್ಣ ಕಂಪನಿಗಳಲ್ಲಿ ಅಂತೂ ಊರಿಂದ ಊರಿಗೆ ಒಂದೇ ಕಾರಿನಲ್ಲಿ ನಾಲ್ಕು ಜನ, ಪೆಟ್ರೋಲಿಗೆ ಪಾಲು. ಆಟ ಮುಗಿದ ಮೇಲೆ ಟೇಬಲ್ ಹಾಕಿ ಫೋಟೋ, ಟಿ-ಶರ್ಟ್ ಮಾರುವುದು. ಹಗಲು ಬೇರೆ ಕೆಲಸ ಇಟ್ಟುಕೊಂಡವರೇ ಜಾಸ್ತಿ. "ಗೆದ್ದವನು ಸೋತ, ಸೋತವನು ಸತ್ತ" ಅನ್ನುವ ಗಾದೆ ಕೋರ್ಟಿಗೆ ಸರಿ. ಇಲ್ಲಿ ಸೋತವನು ಬೆನ್ನಿಗೆ ಐಸ್ ಇಟ್ಟುಕೊಂಡು ಮುಂದಿನ ಊರಿಗೆ ಹೊರಡುತ್ತಾನೆ.

ಬಾಳಿಕೆ ಬಂದವರೂ ಇದ್ದಾರೆ. ಸ್ಟೀವ್ ಲೊಂಬಾರ್ಡಿ ಹರಿದ ಬಟ್ಟೆ ತೊಟ್ಟು ಬ್ರೂಕ್ಲಿನ್ ಬ್ರಾಲರ್ ಹೆಸರಿನಲ್ಲಿ ವರ್ಷಾನುಗಟ್ಟಲೆ ಸೋತ. ಮಧ್ಯೆ ಮಧ್ಯೆ ಡೊಯಿಂಕ್ ಎಂಬ ಜೋಕರ್‌ನ ಬಣ್ಣ ಬಳಿದುಕೊಂಡ, ಕಮಾಲಾ ಎಂಬ ದೈತ್ಯನನ್ನು ಕರೆತರುವ ಮುಖವಾಡದವನಾದ, 1994ರಲ್ಲಿ ಬೇಸ್‌ಬಾಲ್ ಆಟಗಾರನ ವೇಷವನ್ನೂ ಹಾಕಿದ. ಆಮೇಲೆ ತೆರೆಮರೆಯಲ್ಲಿ ಕೆಲಸ. ಕಂಪನಿಗೆ ಯಾವುದು ಬೇಕೋ ಅದು. ನನ್ನ ಪ್ರಕಾರ ಅವನಷ್ಟು ಉಪಯೋಗಕ್ಕೆ ಬಂದ ಚಾಂಪಿಯನ್‌ಗಳು ಕಮ್ಮಿ.

ಪ್ರಶ್ನೆ: ಜಾಬರ್ ಆಗಿದ್ದವನು ಎಂದಾದರೂ ಮೇಲೆ ಬಂದಿದ್ದಾನಾ?

ಬಂದಿದ್ದಾನೆ. ದವಡೆ ಕೆಡಿಸಿಕೊಂಡ ಅದೇ ಫೋಲಿ 1999ರ ಜನವರಿಯಲ್ಲಿ ಚಾಂಪಿಯನ್ ಆಗಿ ಟಿವಿಯಲ್ಲಿ ಕಾಣಿಸಿಕೊಂಡ. 1993ರ ಮೇ 17ರಂದು ಒಬ್ಬ ಕಡ್ಡಿಪೈಲ್ವಾನ್ ಹುಡುಗ ರೇಜರ್ ರಾಮೋನ್ ಎಂಬ ಸ್ಟಾರ್‌ನನ್ನು ಚಿತ್ ಮಾಡಿದ. ರೆಫರಿ ನೆಲ ಬಡಿದು ಎಣಿಸಿದ ಆ ಮೂರು ಎಣಿಕೆಯೇ ಅವನ ಹೆಸರಾಯಿತು: ಒನ್-ಟು-ತ್ರೀ ಕಿಡ್. ಆದರೆ ಅಂಥ ಒಬ್ಬ ಮೇಲೆ ಬಂದರೆ, ಹೆಸರೇ ಉಳಿಯದೆ ಮನೆಗೆ ಹೋದವರು ಲೆಕ್ಕವಿಲ್ಲದಷ್ಟು.

ಪ್ರಶ್ನೆ: ನನಗೆ ಕುಸ್ತಿ ಗೊತ್ತಿಲ್ಲ. ಗಂಡ, ಮಗ ನೋಡುವಾಗ ಸುಮ್ನೆ ಕೂತಿರುತ್ತೇನೆ. ಏನು ನೋಡಬೇಕು?

ಗೆಲ್ಲುವವನನ್ನು ಅವರಿಬ್ಬರು ನೋಡಿಕೊಳ್ಳಲಿ. ನೀವು ಇನ್ನೊಬ್ಬನನ್ನು ನೋಡಿ. ಎತ್ತಿ ಒಗೆಯುವ ಮುಂಚೆ ಅವನೇ ಒಂಚೂರು ನೆಗೆದು ಭಾರ ಕಮ್ಮಿ ಮಾಡುತ್ತಾನೆ. ಬೀಳುವಾಗ ಗದ್ದ ಎದೆಗೆ ಒತ್ತುತ್ತದೆ. ಗೆದ್ದವನ ಹಾಡು ಶುರುವಾದ ಕೂಡಲೇ ಎದ್ದು ಹೋಗಬೇಡಿ. ಕೆಳಗಿನ ಹಗ್ಗದಡಿಯಿಂದ ಸೋತವನು ಉರುಳಿ ಹೊರಗೆ ಜಾರುತ್ತಾನೆ, ಸೊಂಟ ಹಿಡಿದುಕೊಂಡು. ಕ್ಯಾಮೆರಾ ತೋರಿಸಿದರೆ.