ಚಕ್ಕೆ ಕೆತ್ತಿದ ಮೇಲೂ ಮರ ಉಳಿಯಬೇಕಾದರೆ
(ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಮಲೆನಾಡಿನ ಮದ್ದಿನ ಗಿಡಗಳು)

ಪ್ರಶ್ನೆ: ನಮ್ಮ ಸೊಪ್ಪಿನ ಬೆಟ್ಟದಲ್ಲಿ ಎರಡು ಅಶೋಕದ ಮರಗಳಿವೆ. ಮುಟ್ಟಿನ ಸ್ರಾವದ ಮದ್ದಿಗೆಂದು ಕೇಳಿದವರಿಗೆಲ್ಲ ಚಕ್ಕೆ (ತೊಗಟೆ) ಕೊಟ್ಟೆವು. ಈಗ ಒಂದು ಮರ ತುದಿಯಿಂದ ಒಣಗುತ್ತಿದೆ, ಬುಡದ ಸುತ್ತ ಚಕ್ಕೆ ಎದ್ದುಹೋಗಿದೆ. ಉಳಿಸಬಹುದೇ? ಇನ್ನೊಂದರಿಂದ ಚಕ್ಕೆ ತೆಗೆಯುವ ಕ್ರಮ ಹೇಗೆ?
ತೀರ್ಥಹಳ್ಳಿಯ ಓದುಗರು

ಉತ್ತರ: ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಚಕ್ಕೆಯ ಒಳಪದರದ ಮೂಲಕ. ಬಳೆ ತೊಡಿಸಿದ ಹಾಗೆ ಸುತ್ತಲೂ ಚಕ್ಕೆ ತೆಗೆದರೆ ಆ ದಾರಿ ಕಡಿದುಹೋಗುತ್ತದೆ. ನೀರು ಒಳಗಿನ ಕಟ್ಟಿಗೆಯಲ್ಲಿ ಏರುತ್ತಲೇ ಇರುವುದರಿಂದ ಮರ ಕೆಲಕಾಲ ಹಸಿರಾಗಿಯೇ ಕಾಣುತ್ತದೆ. ತುದಿ ಒಣಗುವ ಹೊತ್ತಿಗೆ ಬೇರು ಸೊರಗಿ ಆಗಿರುತ್ತದೆ. ಎಲ್ಲಾದರೂ ಒಂದು ಅಂಗೈ ಅಗಲದ ಚಕ್ಕೆ ಮೇಲಿನಿಂದ ಕೆಳಗಿನವರೆಗೆ ತುಂಡಾಗದೆ ಉಳಿದಿದೆಯೇ ನೋಡಿ. ಇದ್ದರೆ ಆಸೆಯಿದೆ: ಒಣ ಕೊಂಬೆ ಸವರಿ, ಗಾಯಕ್ಕೆ ಬೋರ್ಡೊ ಮುಲಾಮು ಹಚ್ಚಿ. ಅದರ ಅಳತೆ: ಮೈಲುತುತ್ತ (ತಾಮ್ರದ ಸಲ್ಫೇಟ್) 100 ಗ್ರಾಂ, ಸುಣ್ಣ 100 ಗ್ರಾಂ, ನೀರು ಎಲ್ಲ ಸೇರಿ ಒಂದು ಲೀಟರ್. ಚಕ್ಕೆ ಪೂರ್ತಿ ಹೋಗಿದ್ದರೆ ಆ ಕಾಂಡವನ್ನು ಉಳಿಸುವುದು ಕಷ್ಟ. ಗಾಯದ ಕೆಳಗೆ ಚಿಗುರು ಒಡೆದರೆ ಗಟ್ಟಿಯಾದ ಒಂದನ್ನು ಬಿಟ್ಟು ಬೆಳೆಸಿ.

ಇನ್ನೊಂದು ಮರದ ಮಾತಿಗೆ ಬರೋಣ. ಕಾಂಡದ ಸುತ್ತಳತೆಯನ್ನು ನಾಲ್ಕು ಪಾಲು ಮಾಡಿ, ಒಂದು ಪಾಲನ್ನು ಮಾತ್ರ ಮುಟ್ಟಿ. ಸುತ್ತಳತೆ 80 ಸೆಂ.ಮೀ. ಇದ್ದರೆ ಪಟ್ಟಿಯ ಅಗಲ 20 ಸೆಂ.ಮೀ. ದಾಟಕೂಡದು. ಪಟ್ಟಿ ಉದ್ದುದ್ದಕ್ಕೆ ಇರಲಿ, ಅಡ್ಡಡ್ಡಕ್ಕೆ ಬೇಡ. ಕತ್ತಿಯ ಮೊನೆ ಬಿಳಿ ಕಟ್ಟಿಗೆಗೆ ತಾಗಬಾರದು. ಕಟ್ಟಿಗೆಗೆ ಅಂಟಿದ ತೆಳು ಒದ್ದೆ ಪದರ ಉಳಿದರೆ ಮಾತ್ರ ಹೊಸ ಚಕ್ಕೆ ಕಟ್ಟುತ್ತದೆ. ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ. ಆಗ ರಸ ತುಂಬಿರುವ ಚಕ್ಕೆ ಎಳೆದೊಡನೆ ಕಟ್ಟಿಗೆಯವರೆಗೂ ಸುಲಿದು ಬರುತ್ತದೆ, ಗಾಯಕ್ಕೆ ಶಿಲೀಂಧ್ರವೂ ಹತ್ತುತ್ತದೆ. ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ತೆಗೆಯಿರಿ. ಮತ್ತೆ ತೆಗೆಯುವುದು ಎರಡು ವರ್ಷದ ನಂತರ, ಎದುರು ಮಗ್ಗುಲಲ್ಲಿ, ಅದೂ ಹಳೆಯ ಗಾಯ ಮುಚ್ಚಿದ್ದರೆ. ಮುಲಾಮು ಹಚ್ಚಿದ ಅಂಚಿನ ಚಕ್ಕೆಯನ್ನು ಮದ್ದಿಗೆ ಬಳಸಬೇಡಿ. ಮನೆಯ ಮಟ್ಟಿಗಾದರೆ ಕಾಂಡವನ್ನೇ ಮುಟ್ಟದೆ, ಸವರಿದ ಕೊಂಬೆಯ ಚಕ್ಕೆ ತೆಗೆದು ನೆರಳಲ್ಲಿ ಒಣಗಿಸಿಡುವುದು ಎಲ್ಲಕ್ಕಿಂತ ಮೇಲು.

ಬೇಕಾಗುವುದಾದರೂ ಎಷ್ಟು? ಹಾಲುಗಷಾಯಕ್ಕೆ ಶಾಸ್ತ್ರದ ಅಳತೆ ಚಕ್ಕೆ ಒಂದು ಪಾಲು, ಹಾಲು ಎಂಟು, ನೀರು ಮೂವತ್ತೆರಡು. ಎಂದರೆ 10 ಗ್ರಾಂ ತರಿ ಪುಡಿಗೆ 80 ಮಿ.ಲೀ. ಹಾಲು, 320 ಮಿ.ಲೀ. ನೀರು ಹಾಕಿ, ಹಾಲಿನಷ್ಟು ಉಳಿಯುವವರೆಗೆ ಸಣ್ಣ ಉರಿಯಲ್ಲಿ ಕುದಿಸುವುದು. ಬುಟ್ಟಿಗಟ್ಟಲೆ ಕೆತ್ತುವ ಅಗತ್ಯ ಯಾವ ಮನೆಗೂ ಇಲ್ಲ. ಮುಟ್ಟಿನ ಸ್ರಾವ ವಾರ ದಾಟಿದರೆ, ಅಥವಾ ಮುಟ್ಟು ನಿಂತ ಮೇಲೆ ಮತ್ತೆ ಕಂಡರೆ ಮೊದಲು ವೈದ್ಯರ ಪರೀಕ್ಷೆ ಆಗಲಿ. ಬಸುರಿಯರಿಗೆ ಇದನ್ನು ಕೊಡಬೇಡಿ.

ಕೇಳುವವರಿಗೆ ಇನ್ನು ಮುಂದೆ ಚಕ್ಕೆಯ ಬದಲು ಸಸಿ ಕೊಡಿ. ಅಶೋಕದ ಬೀಜ ಬೇಗ ಜೀವ ಕಳೆದುಕೊಳ್ಳುತ್ತದೆ. ಕೋಡು ಬಲಿತು ಒಡೆದ ಕೂಡಲೇ ಆರಿಸಿ ಊರಬೇಕು, ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆಂದರೆ ಹುಟ್ಟುವುದಿಲ್ಲ. ಪೇಟೆಯಲ್ಲಿ ಸಾಲುಮರವಾಗಿ ಬೆಳೆಸುವ, ಅಲೆಯಂಚಿನ ಒಂಟಿ ಎಲೆಯ ಕಂಬದಂಥ ಮರವನ್ನೂ ಅಶೋಕ ಎನ್ನುತ್ತಾರೆ. ಮದ್ದಿನ ಅಶೋಕದ್ದು ಜೋಡಿ ಜೋಡಿ ಎಲೆ, ಜೋತುಬಿದ್ದ ತಾಮ್ರಬಣ್ಣದ ಚಿಗುರು, ಕಿತ್ತಳೆಗೆಂಪು ಹೂಗೊಂಚಲು. ಹಸಿ ಚಕ್ಕೆ ಕತ್ತರಿಸಿದ ಜಾಗ ಗಾಳಿ ತಾಗುತ್ತಲೇ ಕೆಂಪಾಗುತ್ತದೆ.

ಪ್ರಶ್ನೆ: ಉಪ್ಪಾಗೆ (ಕಾಡಿನ ಹುಳಿಕಾಯಿ) ಸಿಪ್ಪೆ ಎಷ್ಟು ಒಣಗಿಸಿದರೂ ಬೂಷ್ಟು ಬರುತ್ತದೆ. ಬೇರೆಯವರಿಗಿಂತ ಮೊದಲು ಕೊಯ್ಯದಿದ್ದರೆ ನಮಗೆ ಕಾಯಿಯೇ ಸಿಗುವುದಿಲ್ಲ. ಏನು ಮಾಡಬೇಕು?
ಹೊಸನಗರದ ಓದುಗರು

ಉತ್ತರ: ಮೊದಲು ಕೊಯ್ಲಿನ ಮಾತು. ಎಳೆಗಾಯಿಯ ಸಿಪ್ಪೆ ತೆಳು, ತೂಕ ಕಡಿಮೆ. ಬೀಜ ಬಲಿಯದ್ದರಿಂದ ಕಾಡಿನಲ್ಲಿ ಸಸಿಯೂ ಏಳುವುದಿಲ್ಲ, ಬೀಜದಿಂದ ತೆಗೆಯುವ ಉಪ್ಪಾಗೆ ತುಪ್ಪವೂ ಸಿಗುವುದಿಲ್ಲ. ಹಳದಿಗೆ ತಿರುಗಿದ್ದನ್ನು, ತಾನಾಗಿ ಉದುರಿದ್ದನ್ನು ಆರಿಸಿ. ಮರದ ಮೇಲಿನದಕ್ಕೆ ದೋಟಿ ಸಾಕು, ಕೊಂಬೆ ಕಡಿದರೆ ಮುಂದಿನ ವರ್ಷದ ಕಾಯಿಯನ್ನೂ ಕಡಿದಂತೆ. ಕೊಯ್ಲು ಶುರುಮಾಡುವ ದಿನವನ್ನು ಊರಿನವರೇ ಕೂತು ಗೊತ್ತುಮಾಡಿಕೊಳ್ಳದೆ ಈ ಪೈಪೋಟಿ ನಿಲ್ಲದು. ಗ್ರಾಮ ಅರಣ್ಯ ಸಮಿತಿಯಿದ್ದರೆ ಅಲ್ಲೇ ತೀರ್ಮಾನ ಆಗಲಿ. ಕಾಯಿ ಬಿಡುವುದಿಲ್ಲವೆಂದು ಗಂಡು ಮರಗಳನ್ನು ಸೌದೆಗೆ ಕಡಿಯುವವರಿದ್ದಾರೆ, ಅದು ತಪ್ಪು; ಹೆಣ್ಣು ಮರಕ್ಕೆ ಪರಾಗ ಬರುವುದು ಅವುಗಳಿಂದ.

ಇನ್ನು ಬೂಷ್ಟು. ಕೊಯ್ದ ದಿನವೇ ಬೀಜ ತೆಗೆದು ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕಿ. ರಾಶಿ ಹಾಕಿಟ್ಟರೆ ರಾತ್ರಿಯೊಳಗೆ ಬಿಸಿಯೇರಿ ಕೊಳೆಯಲು ಶುರುವಾಗುತ್ತದೆ. ತಟ್ಟಿಯ ಮೇಲೆ ಒಂದೇ ಪದರ ಹರಡಿ, ದಿನಕ್ಕೆರಡು ಸಲ ಮಗುಚಿ. ಮೊದಲ ದಿನವೇ ಉರಿ ಜೋರಾದರೆ ಹೊರಮೈ ಗಟ್ಟಿಯಾಗಿ ಒಳಗಿನ ತೇವ ಸಿಕ್ಕಿಕೊಳ್ಳುತ್ತದೆ. ನಿಮ್ಮ ಸಿಪ್ಪೆ ಆಮೇಲೆ ಬೂಷ್ಟು ಹಿಡಿಯುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಮುರಿದಾಗ ಬಾಗದೆ ಮುರಿಯಬೇಕು. ಹುಳಿ ಲೋಹವನ್ನು ತಿನ್ನುವುದರಿಂದ ಅಲ್ಯೂಮಿನಿಯಂ, ಕಬ್ಬಿಣದ ಪಾತ್ರೆ ಬೇಡ. ತೋಟದಂಚಿಗೆ ಹೆಣ್ಣು ಮರದ ಕಸಿ ನೆಡುವುದಾದರೆ ನೆಟ್ಟಗೆ ಬೆಳೆಯುವ ಚಿಗುರಿನ ಕಸಿಯನ್ನೇ ಕೇಳಿ. ಅಡ್ಡ ಕೊಂಬೆಯ ಕಸಿ ಪೊದೆಯಾಗಿ ಹರಡುತ್ತದೆ.

ಪ್ರಶ್ನೆ: ಅಡಿಕೆ ತೋಟದಲ್ಲಿ ಹಬ್ಬಿದ ಒಂದೆಲಗವನ್ನು ವರ್ಷವಿಡೀ ತಂಬುಳಿಗೆ ಬಳಸಬಹುದೇ?
ಸಾಗರದ ಓದುಗರು

ಉತ್ತರ: ಕೊಳೆರೋಗಕ್ಕೆ ಬೋರ್ಡೊ ಹೊಡೆಯುವ ತಿಂಗಳುಗಳಲ್ಲಿ ಬೇಡ. ಗೊನೆಗೆ ಹೊಡೆದ ಮೈಲುತುತ್ತ ಹನಿದು ಕೆಳಗಿನ ಸೊಪ್ಪಿನ ಮೇಲೆಯೇ ಬೀಳುತ್ತದೆ. ಅದಕ್ಕೆಂದೇ ಬಾವಿಕಟ್ಟೆಯ ಹತ್ತಿರ ಒಂದು ಮಡಿ ಮಾಡಿಕೊಳ್ಳಿ, ಬಚ್ಚಲ ನೀರು ಹರಿಯುವ ಕಡೆ ಬೇಡ. ಬೇರುಸಹಿತ ಕೀಳದೆ ಎಲೆ ಚಿವುಟಿ. ನೆಲಕ್ಕೆ ಬೇರೂರಿದ ಗಿಣ್ಣು ಉಳಿದರೆ ಬೇಗ ಮತ್ತೆ ಸೊಪ್ಪು ಬರುತ್ತದೆ.

ಪ್ರಶ್ನೆ: ಬಿ.ಪಿ.ಗೆ ಸರ್ಪಗಂಧದ ಬೇರು ಒಳ್ಳೆಯದೆನ್ನುತ್ತಾರೆ. ಕಾಡಿನಿಂದ ತರಬಹುದೇ?
ಶಿಕಾರಿಪುರದ ಓದುಗರು

ಉತ್ತರ: ತರಬೇಡಿ. ಬೇರು ಕಿತ್ತರೆ ಗಿಡವೇ ಹೋಯಿತು, ಈ ಗಿಡ ಕಾಡಿನಲ್ಲಿ ಅಪರೂಪವಾದದ್ದೇ ಹಾಗೆ. 1952ರಲ್ಲಿ ಇದರಿಂದ ಬೇರ್ಪಡಿಸಿದ ರೆಸರ್ಪಿನ್ ನಿಜವಾಗಿಯೂ ರಕ್ತದೊತ್ತಡ ಇಳಿಸುತ್ತದೆ, ಅಪಾಯ ಇರುವುದೂ ಅಲ್ಲೇ. ಮಾತ್ರೆ ನುಂಗುತ್ತಿರುವವರು ಮೇಲಿಂದ ಬೇರನ್ನೂ ಕುಡಿದರೆ ಒತ್ತಡ ತೀರಾ ಕುಸಿಯಬಹುದು; ಮನಸ್ಸು ಕುಗ್ಗುವ ಕಾಯಿಲೆ ಇದ್ದವರಿಗೆ ಅದು ಹೆಚ್ಚಾಗಬಹುದು. ಅಳತೆ ಕೈಗೆ ಸಿಗದ ಮದ್ದು ಇದು.